ಸ್ವಂತ ಕೋವಿ ಇದ್ದವರಿಗೆ ಮಾತ್ರ

ಫೆಬ್ರವರಿ 9, ಶನಿವಾರ

ಇಪ್ಪತ್ತೆರಡು ವರ್ಷ. ಇಪ್ಪತ್ತೆರಡು ವರ್ಷ ನಾನು ಆ ಮರದ ಶೆಡ್ಡಿನಲ್ಲಿ ನಿಂತು ತಾರ್ನ್‌ಬಿ ಬಿಲ್ಲೆ ಕ್ಲಬ್ಬಿನ ಗಂಡಸರಿಗೆ ಭಾನುವಾರ ತಪ್ಪದೆ ಚಹಾ ಕಾಸಿದ್ದೇನೆ, ಹಂದಿಮಾಂಸದ ಬೇಕನ್ ಹುರಿದು ಬನ್ನಿನಲ್ಲಿಟ್ಟು ಕೊಟ್ಟಿದ್ದೇನೆ. ಹಿಮ ಬಿದ್ದ ದಿನವೂ ಕೊಟ್ಟಿದ್ದೇನೆ. ಸೊಂಟ ಹಿಡಿದುಕೊಂಡ ವರ್ಷ ಸ್ಟೂಲಿನ ಮೇಲೆ ಕೂತು ಕೊಟ್ಟಿದ್ದೇನೆ. ಆಕಾಶಕ್ಕೆ ಹಾರಿಸಿದ ಮಣ್ಣಿನ ಬಿಲ್ಲೆಗಳಲ್ಲಿ ಯಾರು ಎಷ್ಟು ಹೊಡೆದು ಉದುರಿಸಿದರು ಎಂದು ಅಂಕದ ಪುಸ್ತಕ ಬರೆದವಳೂ ನಾನೇ.

ಇವತ್ತು ವಾರ್ಷಿಕ ಸಭೆಯಲ್ಲಿ ಅಧ್ಯಕ್ಷ ಮಹಾಶಯ ರೋಲಂಡ್ ರೇ ಎದ್ದು ನಿಂತ. ಕನ್ನಡಕ ತೆಗೆದು ಒರೆಸಿಕೊಂಡ. ಅವನು ಕನ್ನಡಕ ಒರೆಸಿಕೊಂಡನೆಂದರೆ ಬಾಯಿಗೆ ಬಾರದ ಮಾತೇನೋ ಇದೆ ಎಂದರ್ಥ. ಶೆಡ್ಡು ಹಳೆಯದಾಗಿದೆ, ಅದನ್ನು ಕಿತ್ತು ಆ ಜಾಗದಲ್ಲಿ ಹೊರಗಿನವರ ತಿಂಡಿ ವ್ಯಾನು ನಿಲ್ಲಿಸಿದರೆ ಕ್ಲಬ್ಬಿಗೆ ಅನುಕೂಲ ಎಂದ. ನನ್ನನ್ನು ಒಂದು ಮಾತು ಕೇಳಿರಲಿಲ್ಲ. ನಾನು ಕೈ ಎತ್ತಿದೆ.

“ಮಿಸೆಸ್ ಸ್ಟೇದರ್ಸ್, ತಪ್ಪು ತಿಳ್ಕೋಬೇಡಿ,” ಎಂದ. “ಸ್ವಂತ ಕೋವಿ ಇಟ್ಕೊಂಡು ವರ್ಷಕ್ಕೆ ನಾಲ್ಕು ಸುತ್ತಾದ್ರೂ ಹೊಡೆದೋರಿಗೆ ಮಾತ್ರ ಇಲ್ಲಿ ಮತ. ನಿಯಮ ಹಾಗಿದೆ. ನೀವು... ನೀವು ಚಹಾದವರು.”

ಚಹಾದವರು. ನನ್ನ ಬನ್ನು ತಿಂದು ಬೆಳೆಸಿದ ಹೊಟ್ಟೆಗಳೆಲ್ಲ ಸಾಲಾಗಿ ಕೂತಿದ್ದವು, ಒಂದೂ ಅಲುಗಲಿಲ್ಲ. ಶೆಡ್ಡಿನ ಗತಿಯನ್ನು ಅಕ್ಟೋಬರಿನ ಸಭೆಯಲ್ಲಿ ಮತಕ್ಕೆ ಹಾಕುವುದೆಂದು ಮುಂದಕ್ಕೆ ಹಾಕಿದರು.

“ಹಾಗಾದ್ರೆ ಅಷ್ಟರೊಳಗೆ ನಾನೂ ಒಂದು ಕೋವಿ ತಗೋತೀನಿ,” ಎಂದೆ.

ನಕ್ಕರು. ನಗಲಿ. ಮನೆಗೆ ಬಂದು ಟ್ರೆವರ್‌ಗೆ ಎಲ್ಲ ಹೇಳಿದೆ. ನನ್ನ ಗಂಡ ಬಸ್ಸು ಓಡಿಸುವ ಕೆಲಸದಿಂದ ನಿವೃತ್ತನಾದ ಮೇಲೆ ಊಟದ ಮೇಜಿನ ಮೇಲೆ ಸಾವಿರ ಚೂರುಗಳ ಚಿತ್ರ ಜೋಡಿಸುತ್ತ ಕೂತಿರುತ್ತಾನೆ. “ಅರವತ್ತೊಂದನೇ ವಯಸ್ಸಲ್ಲಿ ಕೋವಿನಾ?” ಎಂದು ಕೇಳಿ, ಒಂದು ನೀಲಿ ಚೂರು ಎತ್ತಿಕೊಂಡ.

ಫೆಬ್ರವರಿ 24, ಭಾನುವಾರ

ಕ್ಲಬ್ಬಿನಲ್ಲಿ ಹೊಸಬರಿಗೆ ಕಲಿಸುವ ಅರ್ಹತಾ ಪತ್ರ ಇರುವುದು ಒಬ್ಬನಿಗೇ. ಯಾರೆಂದು ಬೇರೆ ಹೇಳಬೇಕೆ.

ಶೆಡ್ಡಿಗೆ ಟ್ರೆವರ್‌ನನ್ನು ನಿಲ್ಲಿಸಿ ಹೋದೆ. ಕ್ಲಬ್ಬಿನ ಕೋವಿ ಕೊಟ್ಟ ರೋಲಂಡ್, ಎಂಟು ಅಡಿ ದೂರ ನಿಂತು ಉಪದೇಶ ಮಾಡಿದ. “ಕೆನ್ನೆ ಮರದ ಹಿಡಿಗೆ ಒತ್ತಿ. ನಳಿಗೆ ನೋಡ್ಬೇಡಿ, ಬಿಲ್ಲೆ ನೋಡಿ. ಹೊಡೆದ ಮೇಲೂ ಕೋವಿ ನಿಲ್ಲಿಸ್ಬೇಡಿ, ಜೊತೆಗೇ ಹೋಗ್ತಿರ್ಲಿ.” ‘ಪುಲ್’ ಎಂದು ಕೂಗಿದರೆ ಯಂತ್ರ ಬಿಲ್ಲೆ ಎಸೆಯುತ್ತದೆ. ಒಂದು ಸುತ್ತಿಗೆ ಇಪ್ಪತ್ತೈದು ಬಿಲ್ಲೆ. ಕೂಗಿದೆ. ಎಸೆಯಿತು. ಅದು ತನ್ನ ಪಾಡಿಗೆ ಹಾರಿ ಹುಲ್ಲಿನ ಮೇಲೆ ಇಳಿಯಿತು. ಹೀಗೇ ಇಪ್ಪತ್ತನಾಲ್ಕು ಸಲ.

ಭುಜ ಕಪ್ಪಾಗಿದೆ. ಇಪ್ಪತ್ತೈದನೆಯದು ಮಾತ್ರ ಹೇಗೋ ಒಡೆಯಿತು. ಇದ್ದ ಜಾಗದಲ್ಲೇ ಬಿಲ್ಲೆ ಮಾಯವಾಗಿ ಕರಿಯ ಪುಡಿ ಗಾಳಿಯಲ್ಲಿ ಒಂದು ಗಳಿಗೆ ನಿಂತಿತ್ತು. ಅದೇನು ದೊಡ್ಡ ವಿಷಯವಲ್ಲ, ಆಕಸ್ಮಿಕ. ರೋಲಂಡ್ “ಭೇಷ್” ಎಂದ. ಅವನ ಭೇಷ್ ಯಾರಿಗೆ ಬೇಕಾಗಿತ್ತು.

ಏಪ್ರಿಲ್ 11, ಗುರುವಾರ

ಪೊಲೀಸ್ ಇಲಾಖೆಯಿಂದ ಪರವಾನಗಿ ಅಧಿಕಾರಿ ಮನೆಗೆ ಬಂದಿದ್ದಳು. ನನ್ನ ಮಗಳ ವಯಸ್ಸು. ಜಾಮಿನ ಸೀಸೆಗಳ ಹಿಂದೆ ಕೋವಿ ಇಡಲೆಂದು ಗೋಡೆಗೆ ಬಿಗಿಸಿದ ಉಕ್ಕಿನ ಬೀರು ಅಲ್ಲಾಡಿಸಿ ನೋಡಿದಳು. ಬೀಗದ ಕೈ ಎಲ್ಲಿಡುತ್ತೀರಿ ಎಂದಳು. ನಿದ್ದೆ ಹೇಗೆ, ಕುಡಿತ ಎಷ್ಟು, ಔಷಧಿ ಏನೇನು. ಇಷ್ಟು ವಿಚಾರಣೆ ನನ್ನ ಮದುವೆಗೂ ಆಗಿರಲಿಲ್ಲ.

“ಯಾರ ಮೇಲಾದ್ರೂ ಕೋಪ, ದ್ವೇಷ ಅಂತ ಏನಾದ್ರೂ ಇದೆಯಾ, ಮಿಸೆಸ್ ಸ್ಟೇದರ್ಸ್?”

ಟ್ರೆವರ್ ಕುಡಿಯುತ್ತಿದ್ದ ಚಹಾ ನೆತ್ತಿಗೆ ಹತ್ತಿ ಕೆಮ್ಮತೊಡಗಿದ.

“ಯಾರ ಮೇಲೂ ಇಲ್ಲಮ್ಮ,” ಎಂದೆ. ಸುಳ್ಳು ಹೇಳಲಿಲ್ಲ. ರೋಲಂಡ್ ರೇ ಬಗ್ಗೆ ನನಗಿರುವುದು ಕೋಪವಲ್ಲ, ಅಭಿಪ್ರಾಯ.

“ಮತ್ತೆ ಕೋವಿ ಯಾಕೆ ಬೇಕು?”

“ಮತ ಹಾಕೋಕೆ,” ಎಂದು ಇದ್ದದ್ದು ಇದ್ದ ಹಾಗೆ ಹೇಳಿದೆ. ಆಕೆ ನನ್ನನ್ನು ಎರಡು ಸಲ ನೋಡಿದಳು. ವಿವರಿಸಿದೆ. ಪೂರ್ತಿ ಮುಕ್ಕಾಲು ಗಂಟೆ ವಿವರಿಸಿದೆ. ಕೊನೆಗೆ ಕಾಗದದಲ್ಲಿ ‘ಹವ್ಯಾಸ’ ಎಂದಷ್ಟೇ ಬರೆದುಕೊಂಡು ಹೋದಳು.

ಜೂನ್ 6, ಗುರುವಾರ

ಪರವಾನಗಿ ಬಂತು. ಬಂದ ಗಳಿಗೆಯಲ್ಲೇ ಪೇಟೆಯ ಕೋವಿ ಅಂಗಡಿಗೆ ಹೋದೆವು. ಹೊಸದು ಕೊಳ್ಳುವ ಶಕ್ತಿ ನಮಗಿಲ್ಲ, ಯಾರೋ ಬಳಸಿ ಬಿಟ್ಟದ್ದೇ ಆಗಬೇಕು. ಅಂಗಡಿಯವನ ಹೆಸರು ಗೈಲ್ಸ್. ಮಖಮಲ್ಲಿನ ಗುಂಡಿಯ ವೇಸ್ಟ್‌ಕೋಟು. ಪರವಾನಗಿ ನನ್ನ ಕೈಯಲ್ಲಿತ್ತು, ಆದರೂ ಮಾತಾಡಿಸಿದ್ದು ಟ್ರೆವರ್‌ನನ್ನು.

“ಮನೆಯವರಿಗೆ ಎಂಥದ್ದು ನೋಡ್ತಿದೀರಿ ಸಾರ್?”

“ಇಲ್ಲಿ ಕೂತ್ಕೊಳ್ಳೋಕೆ ಕುರ್ಚಿ ಇದೆಯಾ?” ಎಂದ ಟ್ರೆವರ್.

ಗೈಲ್ಸ್ ಒಳಗಿನಿಂದ ಒಂದು ಸಣಕಲು ಕೋವಿ ತಂದ. ಮಗುವನ್ನು ಎತ್ತಿಕೊಂಡ ಹಾಗೆ ಎರಡೂ ಕೈಯಲ್ಲಿ ಹಿಡಿದು, “ಇದು ಹೆಂಗಸರಿಗೆ ಅಂತಲೇ ಮಾಡಿದ್ದು ಮೇಡಂ. ಗರಿ ಹಾಗೆ ಹಗುರ,” ಎಂದ. ಮೂವತ್ತು ವರ್ಷದಿಂದ ಪ್ರತಿ ಮಂಗಳವಾರ ಚರ್ಚಿನ ಗೋಪುರದಲ್ಲಿ ನಾಲ್ಕನೆಯ ಗಂಟೆ ಎಳೆಯುವವಳು ನಾನು. ಆ ಗಂಟೆಯ ತೂಕ ಈ ಗೈಲ್ಸು, ಅವನ ಕಪಾಟು, ಅವನ ವೇಸ್ಟ್‌ಕೋಟು ಎಲ್ಲ ಸೇರಿಸಿದರೂ ಬರುವುದಿಲ್ಲ. ನನಗೆ ಗರಿ ಬೇಕಿಲ್ಲ ಎಂದು ಎದ್ದು ಬಂದೆ.

ಜೂನ್ 8, ಶನಿವಾರ

ಬುದ್ಧಿ ಬಂದದ್ದು ಇವತ್ತು. ನೇರ ವಾಲ್ಟರ್ ಟ್ರಾನ್ಮರ್ ಮನೆಗೆ ಹೋದೆ. ಎಂಬತ್ತನಾಲ್ಕು ವರ್ಷದ ಮುದುಕ. ಜೀವಮಾನವಿಡೀ ಕೋವಿ ರಿಪೇರಿ ಮಾಡಿದವನು. ಅಂಗಡಿ ಮುಚ್ಚಿದರೂ ಹಿತ್ತಲ ಕೋಣೆಯಲ್ಲಿ ಉಪಕರಣಗಳೂ ಗೋಡೆಯ ಮೇಲೆ ಪರವಾನಗಿಯೂ ಇವೆ. ಒಂದು ಕಾಲದಲ್ಲಿ ನನ್ನ ಜೊತೆ ಗೋಪುರದಲ್ಲಿ ಗಂಟೆ ಎಳೆಯುತ್ತಿದ್ದ. ಈಗ ಕಿವಿ ಪೂರಾ ಹೋಗಿದೆ, ಅವನ ಜೊತೆ ಮಾತಾಡಬೇಕಾದರೆ ಪಕ್ಕದ ಬೀದಿಗೂ ಕೇಳುತ್ತದೆ.

ಗೈಲ್ಸನ ಗರಿಯ ಕತೆ ಕೂಗಿ ಹೇಳಿದೆ.

“ಹಗುರ ಕೋವಿ ಜಾಸ್ತಿ ಒದೆಯುತ್ತೆ ಕಣೆ ಹುಡುಗಿ,” ಎಂದ. “ಹೆಂಗಸ್ರಿಗೆ ಹಗುರದ್ದು ಮಾರ್ತಾರೆ, ಅವರು ಎರಡು ತಿಂಗಳು ಭುಜ ಉಜ್ಕೊಂಡು ಬಿಟ್ಟುಬಿಡ್ತಾರೆ. ಅದೇ ಕೋವಿ ಮತ್ತೆ ಅಂಗಡಿಗೆ. ಒಂದೇ ಕೋವಿನ ಮೂರು ಹೆಂಗಸ್ರಿಗೆ ಮಾರಿದ್ದು ನಾನು ನೋಡಿದೀನಿ.”

ಹಳೆಯ ಕೋವಿ ಹೇಗೆ ನೋಡಬೇಕೆಂದು ತೋರಿಸಿದ. ಮೊದಲು ಸ್ಕ್ರೂ ತಲೆಗಳನ್ನು ನೋಡು, ಕಿತ್ತು ಹೋಗಿದ್ದರೆ ಯಾವನೋ ಅಡುಗೆಮನೆಯಲ್ಲಿ ಕೂತು ಬಿಚ್ಚಿದ್ದಾನೆ. ಕೋವಿಯನ್ನು ನಡುವೆ ಮಡಿಸಿ ತೆರೆಯುವ ಮೇಲಿನ ಸನ್ನೆಕೋಲು, ಮುಚ್ಚಿದಾಗ ನಡುವಿಗಿಂತ ಒಂದಿಷ್ಟು ಬಲಕ್ಕೆ ನಿಲ್ಲಬೇಕು. ಎಡಕ್ಕೆ ವಾಲಿದ್ದರೆ ಸವೆದಿದೆ. ನಳಿಗೆಯ ಕೆಳಗಿನ ಮರ ತೆಗೆದು, ಹಿಡಿ ಹಿಡಿದು ಅಲ್ಲಾಡಿಸು, ಲೊಡ ಲೊಡ ಅಂದರೆ ಅಲ್ಲೇ ಇಟ್ಟು ಬಾ. ನಳಿಗೆಯೊಳಗಿಂದ ಕಿಟಕಿ ನೋಡು, ಬೆಳಕಿನ ಉಂಗುರ ಸೊಟ್ಟಗಿದ್ದರೆ ಅಲ್ಲಿ ತಗ್ಗು ಬಿದ್ದಿದೆ.

“ಕೊನೆಗೆ ನಳಿಗೆ ಬಿಚ್ಚಿ ಕೊಕ್ಕೆಯಿಂದ ಬೆರಳಿಗೆ ನೇತು ಹಾಕು. ಇನ್ನೊಂದು ಬೆರಳಿಂದ ಬಡಿ. ಎರಡು ನಳಿಗೇನೂ ಸೇರಿಸೋ ಪಟ್ಟಿ ಇದೆಯಲ್ಲ, ಅದರ ಬೆಸುಗೆ ಸರಿಯಾಗಿದ್ರೆ ಗಂಟೆ ಹಾಗೆ ನುಡಿಯುತ್ತೆ. ಬಿಟ್ಟಿದ್ರೆ ಜುಯ್ ಅನ್ನುತ್ತೆ. ನಂಗೆ ಕೇಳೋದು ನಿಂತು ಹತ್ತು ವರ್ಷ ಆಯ್ತು. ನಿಂಗೆ ಕೇಳುತ್ತಲ್ಲ.”

ತನ್ನ ಹಳೆಯ ಜೋಡು ನಳಿಗೆಯನ್ನು ನೇತು ಹಾಕಿ ಬಡಿದ. ದೀರ್ಘವಾಗಿ, ಸ್ವಚ್ಛವಾಗಿ ನುಡಿಯಿತು. ಅವನು ನನ್ನ ಮುಖವನ್ನೇ ನೋಡುತ್ತಿದ್ದ, ಕೇಳಿಸಿತು ಎಂದು ನಾನು ತಲೆ ಆಡಿಸುವವರೆಗೆ. ಇಷ್ಟು ಗೊತ್ತಿರುವ ಮನುಷ್ಯನನ್ನು ಕ್ಲಬ್ಬಿನ ಒಬ್ಬನಾದರೂ ಬಂದು ನೋಡುತ್ತಾನೆಯೇ? ಕೃತಘ್ನರು.

ಜೂನ್ 16, ಭಾನುವಾರ

ಈ ರೋಲಂಡ್ ರೇ ಏನೋ ಹೂಡುತ್ತಿದ್ದಾನೆ. ಇವತ್ತು ತನ್ನದೇ ಕೋವಿ ತಂದು ಶೆಡ್ಡಿನ ಕಟ್ಟೆಯ ಮೇಲಿಟ್ಟ. ಇಟಲಿಯದ್ದು, ಬೆಳ್ಳಿಬಣ್ಣದ ಮೈ ಮೇಲೆ ಹಾರುವ ಹಕ್ಕಿಗಳ ಕೆತ್ತನೆ.

“ಆರು ವರ್ಷ ಇದರಲ್ಲೇ ಹೊಡೆದೆ. ಕಣ್ಣು ಮಂಜಾಯ್ತು, ನನ್ನ ಕೈಗೆ ಇನ್ನು ಇಂಥದ್ದೆಲ್ಲ ದಂಡ. ತೂಕ ನಿಮಗೆ ಸರಿ ಹೋಗುತ್ತೆ. ಎರಡು ದಿನ ಇಟ್ಕೊಂಡು ನೋಡಿ. ಬೆಲೆ ಮಾತು ಆಮೇಲೆ.”

ನನಗೆ ಕೋವಿ ಸಿಕ್ಕರೆ ನನಗೆ ಮತ ಸಿಗುತ್ತದೆ, ಮತ ಸಿಕ್ಕರೆ ಅವನ ವ್ಯಾನಿಗೆ ಕಲ್ಲು ಬೀಳುತ್ತದೆ. ಇದು ಗೊತ್ತಿದ್ದೂ ಕೊಡುತ್ತಿದ್ದಾನೆ ಎಂದರೆ ನನ್ನ ಬಾಯಿ ಮುಚ್ಚಿಸುವ ಲಂಚವಲ್ಲದೆ ಇನ್ನೇನು?

ಜೂನ್ 18, ಮಂಗಳವಾರ

ಲಂಚವೂ ಅಲ್ಲ, ಮೋಸ. ವಾಲ್ಟರ್ ಮನೆಯಲ್ಲಿ ನಳಿಗೆ ಬಿಚ್ಚಿ ಬೆರಳಿಗೆ ನೇತು ಹಾಕಿದೆ. ಬಡಿದೆ. ಹಕ್ಕಿ ಕೆತ್ತಿದ ಆ ಸುಂದರಿ ಸೀಳಿದ ತಗಡಿನ ಹಾಗೆ ಜುಯ್ ಎಂದಿತು. ಎರಡನೆಯ ಸಲ ಬಡಿದರೂ ಅದೇ.

ವಾಲ್ಟರ್‌ಗೆ ಕೇಳಿಸದಿದ್ದರೂ ನನ್ನ ಮುಖ ನೋಡಿಯೇ ತಿಳಿದುಕೊಂಡ. ಭೂತಗನ್ನಡಿ ಹಿಡಿದು ಪಟ್ಟಿಯುದ್ದಕ್ಕೂ ನೋಡಿ, ನಡುವಿನಲ್ಲಿ ಕೂದಲೆಳೆಯಷ್ಟು ಬಿರುಕು ತೋರಿಸಿದ. ಭಾನುವಾರ ಬರಲಿ.

ಜೂನ್ 23, ಭಾನುವಾರ

ಬನ್ನಿನ ಸಾಲಿನಲ್ಲಿ ಹನ್ನೆರಡು ಜನ ನಿಂತಿದ್ದಾಗ ಹೇಳಿದೆ. ಸಣ್ಣ ದನಿಯಲ್ಲಿ ಹೇಳಲಿಲ್ಲ. “ರೋಲಂಡ್, ನಿಮ್ಮ ಕೋವಿ ಒಡೆದ ಗಂಟೆ. ಬೆಸುಗೆ ಬಿಟ್ಟಿದೆ. ಇಂಥದ್ದನ್ನ ಚಹಾದವರ ತಲೆಗೆ ಕಟ್ಟೋಣ ಅಂದ್ಕೊಂಡ್ರಾ?” ಎಲ್ಲರೆದುರಿಗೆ ಬಡಿದೂ ತೋರಿಸಿದೆ.

ರೋಲಂಡ್ ಬನ್ನು ಕೆಳಗಿಟ್ಟ. ನಳಿಗೆಯನ್ನು ನನ್ನ ಕೈಯಿಂದ ತೆಗೆದುಕೊಂಡು ತಾನೇ ಒಂದು ಸಲ ಬಡಿದ. ಆಮೇಲೆ ಇನ್ನೊಂದು ಸಲ. ಕೋವಿ ಚೀಲಕ್ಕೆ ಹಾಕಿಕೊಂಡು ಕಾರಿನ ಕಡೆ ಹೋದ. ಇವತ್ತು ಅವನು ಹೊಡೆಯಲೇ ಇಲ್ಲ.

ಒಂದೇ ಒಂದು ಮಾತು ವಾದ ಮಾಡಲಿಲ್ಲ. ಐದು ದಿನದಿಂದ ನಾನು ಸಿದ್ಧ ಮಾಡಿಟ್ಟುಕೊಂಡಿದ್ದ ಮಾತುಗಳೆಲ್ಲ ಬಾಯಲ್ಲೇ ಉಳಿದವು. ಇದೂ ಅವನ ಒಂದು ಉಪಾಯವೇ ಇರಬೇಕು. ಅರ್ಧ ತಿಂದ ಬನ್ನು ಕಟ್ಟೆಯ ಮೇಲೆ ಹಾಗೇ ಇತ್ತು.

ಜೂನ್ 25, ಮಂಗಳವಾರ

ವಾಲ್ಟರ್ ಬೈದ. “ನಿನ್ನೆ ರೋಲಂಡ್ ಬಂದು ಎಲ್ಲ ಹೇಳ್ದ. ಅವನಿಗೆ ಗೊತ್ತಿರ್ಲಿಲ್ಲ ಕಣೆ. ಬೆಸುಗೆ ಬಿಟ್ಟಿದ್ರೆ, ನಳಿಗೆ ಕಾದ ಹಾಗೆ ಎರಡೂ ಒಂದೊಂದು ಕಡೆ ತಿರುಗ್ತವೆ. ಅವನು ತನ್ನ ಕಣ್ಣೇ ಹೋಯ್ತು ಅಂದ್ಕೊಂಡ. ಇಬ್ಬರು ಕಣ್ಣಿನ ಡಾಕ್ಟ್ರ ಹತ್ರ ಹೋಗಿದ್ದ. ಜಿಲ್ಲೆ ತಂಡದಿಂದ ಯಾಕೆ ಹೆಸರು ವಾಪಸ್ ತಗೊಂಡ ಅಂತ ಗೊತ್ತಾ ನಿಂಗೆ?”

ವಯಸ್ಸಾಯಿತು ಎಂದು ಎಲ್ಲರಿಗೂ ಹೇಳಿದ್ದ. ನಾನೂ ನಂಬಿದ್ದೆ.

ಮನೆಗೆ ಬಂದು ಹಳೆಯ ಅಂಕದ ಪುಸ್ತಕಗಳನ್ನು ಕೆಳಗಿಳಿಸಿದೆ. ಎಲ್ಲ ನನ್ನದೇ ಕೈಬರಹ. ಇಪ್ಪತ್ತೈದಕ್ಕೆ ಇಪ್ಪತ್ಮೂರು, ಇಪ್ಪತ್ತನಾಲ್ಕು, ಇಪ್ಪತ್ಮೂರು. ಆರು ವರ್ಷದ ಹಿಂದಿನ ಮೇ ತಿಂಗಳಿನಿಂದ ಇಪ್ಪತ್ತು, ಹತ್ತೊಂಬತ್ತು, ಹದಿನೇಳು. ಪ್ರತಿ ಸುತ್ತಿನ ಕೊನೆಗೇ ಜಾಸ್ತಿ ತಪ್ಪಿದ್ದಾನೆ, ನಳಿಗೆ ಕಾದ ಮೇಲೆ. ಇಷ್ಟು ವರ್ಷ ನಾನೇ ಬರೆದಿದ್ದೇನೆ, ಒಂದು ದಿನವೂ ಓದಿಲ್ಲ.

ಆ ಕೋವಿ ಅವನಿಗೆ ಮಾರಿದ್ದು ಗೈಲ್ಸ್ ಅಂತೆ. ಮಖಮಲ್ಲಿನ ಗುಂಡಿಯ ಗೈಲ್ಸ್! ನನಗೆ ಈಗ ಊಟ ಸೇರುತ್ತಿಲ್ಲ.

ಜುಲೈ 4, ಗುರುವಾರ

ರೋಲಂಡ್‌ನನ್ನು ಎಳೆದುಕೊಂಡೇ ಹೋಗಬೇಕಾಯಿತು. ಕಾರಿನಲ್ಲಿ ಪೇಟೆಯವರೆಗೂ “ಬಿಡಿ, ಹಳೇ ವಿಷಯ” ಎನ್ನುತ್ತಲೇ ಇದ್ದ. ಇಂಥ ಸಂಕೋಚದವನು ಕ್ಲಬ್ಬಿನ ಅಧ್ಯಕ್ಷ ಹೇಗಾದನೋ.

ಗೈಲ್ಸ್ ನಗುತ್ತ, “ಆರು ವರ್ಷ ಆಯ್ತಲ್ಲ ಸಾರ್. ಈ ಮಧ್ಯೆ ಎಲ್ಲಾದ್ರೂ ಬಿದ್ದಿರ್ಬಹುದು, ನೀರು ಹೋಗಿರ್ಬಹುದು,” ಎಂದ.

“ಅವರು ಕೋವಿ ಬೀಳಿಸೋರಲ್ಲ,” ಎಂದೆ. “ಪುಸ್ತಕ ತಂದಿದೀನಿ. ನೀವು ಮಾರಿದ ತಿಂಗಳಿಂದ ಅಂಕ ಇಳಿದಿದೆ. ಓದಿ.”

“ಮೇಡಂ, ಅಂಕ ಇಳಿಯೋಕೆ ಕೋವಿನೇ ಕಾರಣ ಅಂತ ಹೇಳೋಕಾಗಲ್ಲ. ವಯಸ್ಸೂ ಆಗಿದೆಯಲ್ಲ.”

“ಬಿಡು ಗ್ಲೆಂಡಾ,” ಎಂದ ರೋಲಂಡ್. ಇಷ್ಟು ವರ್ಷದಲ್ಲಿ ಅವನು ನನ್ನನ್ನು ಹೆಸರು ಹಿಡಿದು ಕರೆದದ್ದು ಇದೇ ಮೊದಲು.

ನಾನು ಬಿಡಲಿಲ್ಲ. ಅಂಗಡಿಯಲ್ಲಿ ಇನ್ನೂ ಐದಾರು ಗಿರಾಕಿಗಳಿದ್ದರು. ರೋಲಂಡ್‌ನ ನಳಿಗೆ ಬೆರಳಿಗೆ ನೇತು ಹಾಕಿ ಬಡಿದೆ. ಜುಯ್. ಆಮೇಲೆ ಕೇಳಿ ಕೇಳಿ ಒಂದೊಂದೇ ಹಳೆಯ ಕೋವಿ ಇಳಿಸಿ, ನಳಿಗೆ ಬಿಚ್ಚಿಸಿ, ಬಡಿಯುತ್ತ ಹೋದೆ. ಕೆಲವು ನುಡಿದವು. ಇನ್ನೆರಡು ಜುಯ್ ಎಂದವು, ಅದರಲ್ಲೊಂದನ್ನು ಕೊಳ್ಳಲು ಬಂದಿದ್ದ ಒಬ್ಬ ದೊಡ್ಡ ಮನುಷ್ಯ ಟೋಪಿ ಹಾಕಿಕೊಂಡು ಹೊರಟೇ ಹೋದ. ಗೈಲ್ಸನ ವೇಸ್ಟ್‌ಕೋಟು ಬೆವರಿತು. ರೋಲಂಡ್‌ನ ನಳಿಗೆಗೆ ಹೊಸದಾಗಿ ಬೆಸುಗೆ ಹಾಕಿಸಿ ಕೊಡುತ್ತೇನೆ, ಒಂದು ಕಾಸೂ ಬೇಡ ಎಂದ.

ಹಾಗೆ ಬಡಿಯುತ್ತಿರುವಾಗಲೇ ಸಿಕ್ಕಿತು ನನ್ನದು. ಮೂಲೆಯಲ್ಲಿ, ಛತ್ರಿಗಳ ಪಕ್ಕದಲ್ಲಿ. ಜಪಾನಿನದ್ದು. ಕೆತ್ತನೆ ಇಲ್ಲ, ಮರದ ಮೇಲೆಲ್ಲ ಗೀರು. ಬಡಿದರೆ ನಮ್ಮ ಗೋಪುರದ ನಾಲ್ಕನೆಯ ಗಂಟೆಯದೇ ಸ್ವರ, ನಿಲ್ಲಲೇ ಒಲ್ಲದು. ಸ್ಕ್ರೂ ಸರಿ, ಸನ್ನೆ ಬಲಕ್ಕೆ, ಅಲ್ಲಾಟವಿಲ್ಲ. ಅಲ್ಲೇ ಕೊಂಡೆ.

“ಭುಜಕ್ಕೆ ಏರಿಸಿ ನೋಡಿದ್ಯಾ? ಮೈಗೆ ಸರಿ ಹೊಂದುತ್ತಾ?” ಎಂದ ರೋಲಂಡ್.

“ನನ್ನ ಕಿವಿಗೆ ಹೊಂದಿದೆ,” ಎಂದೆ. ಆರು ವರ್ಷ ಒಡೆದ ಗಂಟೆ ಬಾರಿಸಿದವನು ನನಗೆ ಹೇಳಲು ಬರುತ್ತಾನೆ.

ಜುಲೈ 7, ಭಾನುವಾರ

ಸೊನ್ನೆ. ಇಪ್ಪತ್ತೈದಕ್ಕೆ ಸೊನ್ನೆ. ಕ್ಲಬ್ಬಿನ ಕೋವಿಯಲ್ಲೇ ಹೋದ ತಿಂಗಳು ಎಂಟು ಒಡೆದಿದ್ದೆ. ಗಾಳಿ ಕೆಟ್ಟದಾಗಿತ್ತು. ಯಂತ್ರ ತೀರ ಬೇಗ ಎಸೆಯಿತು. ಹಿಂದೆ ನಿಂತು ನೋಡುತ್ತಿದ್ದವರ ಪಿಸುಮಾತು ಬೇರೆ. ಟ್ರೆವರ್ ಬೇಕನ್ ಸುಟ್ಟು ಇದ್ದಿಲು ಮಾಡಿ, ಸೊಂಟ ಹಿಡಿದುಕೊಂಡಿದೆ ಎಂದು ನನ್ನ ಹತ್ತಿರ ಹೇಳಲು ಬಂದ. ಸ್ಟೂಲು ಇದೆಯಲ್ಲ ಎಂದೆ.

ಜುಲೈ 9, ಮಂಗಳವಾರ

ವಾಲ್ಟರ್ ಕೋವಿಯನ್ನು ಒಂದು ಸಲ ಮೇಲಿನಿಂದ ನೋಡಿದ. ನಗತೊಡಗಿದ. ಕಟ್ಟಿಸಿದ ಹಲ್ಲು ಕೈಗೆ ತೆಗೆದಿಟ್ಟುಕೊಂಡು ನಕ್ಕ.

“ಇದು ಎಡಗೈಯವನ ಕೋವಿ ಕಣೆ! ಮರದ ಹಿಡಿ ಎಡಗಡೆ ಬಗ್ಗಿದೆ ನೋಡು. ನೀನು ಬಲಗೆನ್ನೆ ಇಟ್ಟು ಹೊಡೆದ್ರೆ ಗುಂಡು ಪಕ್ಕದ ಹೊಲಕ್ಕೆ ಹೋಗುತ್ತೆ. ಮೂವತ್ತು ವರ್ಷ ಗೋಪುರದಲ್ಲಿ ನಿಂತೋಳು, ಗಂಟೆ ಕೇಳಿ ಹಗ್ಗ ನೋಡ್ದೆ ಬಂದ್ಯಲ್ಲ.”

ಮೈಯೆಲ್ಲ ಉರಿಯಿತು. ಇದನ್ನು ಗೈಲ್ಸ್ ಹೇಳಬೇಕಾಗಿತ್ತು. ರೋಲಂಡ್ ಇನ್ನೂ ಸ್ವಲ್ಪ ಜೋರಾಗಿ ಹೇಳಬೇಕಾಗಿತ್ತು.

“ಎಸೆಯೋ ಮಾಲಲ್ಲ ಇದು,” ಎಂದ ವಾಲ್ಟರ್. “ನಳಿಗೆ ಚೆನ್ನಾಗಿದೆ ಅಂತ ನಿನ್ನ ಮುಖವೇ ಹೇಳ್ತಿದೆ. ಮರ ಬಗ್ಗಿಸೋಣ. ಶನಿವಾರ ಬಾ. ನನ್ನ ಕೈ ನಡುಗುತ್ತೆ, ಇನ್ನೊಬ್ಬರನ್ನ ಕರ್ಕೊಂಡು ಬಾ.”

ಟ್ರೆವರ್‌ಗೆ ಸೊಂಟ. ರೋಲಂಡ್‌ನನ್ನೇ ಕರೆಯಬೇಕಾಯಿತು.

ಜುಲೈ 13, ಶನಿವಾರ

ಮರದ ಹಿಡಿಯನ್ನು ಕಬ್ಬಿಣದಿಂದ ಬಿಡಿಸಿ, ಕುತ್ತಿಗೆಯ ಭಾಗಕ್ಕೆ ಫ್ಲಾನೆಲ್ ಬಟ್ಟೆ ಸುತ್ತಿ, ಚೌಕಟ್ಟಿನಲ್ಲಿ ಬಿಗಿದರು. ಕಾಯಿಸಿದ ಅಗಸೆ ಎಣ್ಣೆಯನ್ನು ಅದರ ಮೇಲೆ ಸೌಟಿನಿಂದ ಹುಯ್ಯುವುದು ನನ್ನ ಕೆಲಸ. ಕೆಳಗೆ ತಟ್ಟೆಗೆ ಇಳಿದದ್ದನ್ನು ಮತ್ತೆ ಕಾಯಿಸಿ ಮತ್ತೆ ಹುಯ್ಯಬೇಕು. ಚೌಕಟ್ಟಿನ ತಿರುಪು ರೋಲಂಡ್‌ನ ಕೈಯಲ್ಲಿ. ವಾಲ್ಟರ್ ಮರದ ಮೇಲೆ ಬೆರಳಿಟ್ಟು ಕೂತಿದ್ದ. ಒಂದು ಗಂಟೆ ಹೊತ್ತು ಇದೇ ಕೆಲಸ. “ಈಗ ಕಾಲು ಸುತ್ತು,” ಎನ್ನುತ್ತಾನೆ ವಾಲ್ಟರ್. ರೋಲಂಡ್ ತಿರುಗಿಸುತ್ತಾನೆ. ನಾನು ಹುಯ್ಯುತ್ತೇನೆ.

“ನನ್ನ ಕಣ್ಣು ಚೆನ್ನಾಗಿದೆಯಂತೆ,” ಎಂದ ರೋಲಂಡ್ ಮಧ್ಯದಲ್ಲಿ ಒಮ್ಮೆ, ನನ್ನ ಕಡೆ ನೋಡದೆ. ಬೆಸುಗೆ ಹಾಕಿಸಿದ ಕೋವಿಯಲ್ಲಿ ನಿನ್ನೆ ಒಬ್ಬನೇ ಹೋಗಿ ಹೊಡೆದು ಬಂದಿದ್ದಾನೆ.

ವಾಲ್ಟರ್ ಚಹಾದ ಜೊತೆ ರೋಲಂಡ್‌ಗೆ ಚಾಕೊಲೇಟ್ ಬಿಸ್ಕತ್ತು ಕೊಟ್ಟು ನನಗೆ ಬರೀ ಬಿಸ್ಕತ್ತು ಕೊಟ್ಟ. ಇದನ್ನು ನಾನು ಮರೆಯುವುದಿಲ್ಲ.

ಆಗಸ್ಟ್ 4, ಭಾನುವಾರ

ಒಂಬತ್ತು.

ಆಗಸ್ಟ್ 11, ಭಾನುವಾರ

ಹನ್ನೊಂದು. ಹನ್ನೆರಡಾಗಬೇಕಿತ್ತು. ಅಂಕ ಬರೆಯುವವನು ಒಡೆದದ್ದನ್ನು ತಪ್ಪಿತೆಂದು ಬರೆದ. ಪುಡಿ ಹಾರಿದ್ದು ನಾನು ನೋಡಿದ್ದೇನೆ, ಅಲ್ಲೇ ಅವನ ಜೊತೆ ಜಗಳವಾಡಿದೆ. ಅಂಕ ಬರೆಯುವವರು ಸ್ವಲ್ಪ ಗಮನ ಇಟ್ಟು ಬರೆಯಬಾರದೇ.

ಆಗಸ್ಟ್ 25, ಭಾನುವಾರ

ಹದಿನಾಲ್ಕು. ಎಡದಿಂದ ಬರುವ ಜೋಡಿ ಬಿಲ್ಲೆಗಳು ಈಗ ನಿಧಾನವಾಗಿ ಹಾರುತ್ತವೆ. ಯಂತ್ರ ಸರಿ ಮಾಡಿಸಿದ್ದಾರೇನೋ. ಇಲ್ಲ, ಹಾಗೇ ಇದೆ ಎಂದ ರೋಲಂಡ್.

ಸೆಪ್ಟೆಂಬರ್ 15, ಭಾನುವಾರ

ನಿಯಮದ ನಾಲ್ಕು ಸುತ್ತು ಮುಗಿದು ಮೂರು ವಾರವಾಯಿತಂತೆ. ರೋಲಂಡ್ ಹೇಳಿದ ಮೇಲೆ ಗೊತ್ತಾಯಿತು. ನಾನು ಲೆಕ್ಕ ಇಟ್ಟಿರಲಿಲ್ಲ. ಬೆಳಗ್ಗೆ ಹುಲ್ಲಿನ ಮೇಲೆ ಇಬ್ಬನಿ ಇತ್ತು, ಗಾಳಿ ಇರಲಿಲ್ಲ. ಹದಿನೇಳು.

ಟ್ರೆವರ್ ಶೆಡ್ಡಿನಲ್ಲಿ ಬನ್ನಿನ ಸಾಲು ಬಿಟ್ಟು ಹೊರಗೆ ಬಂದು ನನ್ನ ಹೊಡೆತ ನೋಡುತ್ತ ನಿಂತಿದ್ದನಂತೆ. ಒಳಗೆ ಬಾಣಲೆ ಹೊತ್ತಿಕೊಂಡಿದೆ. ಕೊಟ್ಟ ಕೆಲಸ ಒಂದು, ಅದನ್ನೂ ನೆಟ್ಟಗೆ ಮಾಡುವುದಿಲ್ಲ.

ಅಕ್ಟೋಬರ್ 12, ಶನಿವಾರ

ಇಂದು ಸಭೆ. ಇದನ್ನು ಪೂರ್ತಿ ಬರೆಯದೆ ಬಿಡುವುದಿಲ್ಲ.

ರೋಲಂಡ್ ಎದ್ದು ನಿಂತು ಕನ್ನಡಕ ಒರೆಸಿಕೊಂಡ. “ವ್ಯಾನಿನ ಮಾತು ತಂದದ್ದು ನಾನು. ಗ್ಲೆಂಡಾಳ ಹತ್ರ ಒಂದು ಮಾತು ಕೇಳ್ದೆ ತಂದೆ, 'ಚಹಾದವರು' ಅಂತ ಬೇರೆ ಅಂದೆ. ಅದು ತಪ್ಪು. ವಾಪಸ್ ತಗೋತೀನಿ. ಶೆಡ್ಡು ಅಲ್ಲೇ ಇರುತ್ತೆ, ಗ್ಲೆಂಡಾ ಅಲ್ಲೇ ಇರ್ತಾಳೆ.” ಚಪ್ಪಾಳೆ ಹೊಡೆದರು. ಫೆಬ್ರವರಿಯಲ್ಲಿ ಅಲುಗದ ಹೊಟ್ಟೆಗಳೆಲ್ಲ ಎದ್ದು ನಿಂತು ಚಪ್ಪಾಳೆ ಹೊಡೆದವು. ಹಿಂದಿನಿಂದ ಒಬ್ಬ, “ಎಂಟು ತಿಂಗಳಿಂದ ನೆಟ್ಟಗಿನ ಬನ್ನು ತಿಂದಿಲ್ಲ,” ಎಂದ. ಶೆಡ್ಡಿನ ಕೆಲಸಕ್ಕೆಂದು ಗೋಡೆಗೆ ಒರಗಿ ನಿಂತಿದ್ದ ಟ್ರೆವರ್ ತಲೆ ತಗ್ಗಿಸಿದ.

ನನಗೆ ಬಂದ ಸಿಟ್ಟು ಫೆಬ್ರವರಿಯಲ್ಲೂ ಬಂದಿರಲಿಲ್ಲ.

“ಈಗಾದ್ರೂ ಯಾರಾದ್ರೂ ನನ್ನ ಕೇಳಿದ್ರಾ?” ಎಂದೆ. “ಆವತ್ತು ಕೇಳ್ದೆ ಕಿತ್ತು ಹಾಕ್ತೀವಿ ಅಂದ್ರಿ, ಇವತ್ತು ಕೇಳ್ದೆ ಕೂರಿಸ್ತೀವಿ ಅಂತೀರಿ. ಭಾನುವಾರ ಬೆಳಗ್ಗೆ ನಾನು ಶೆಡ್ಡಲ್ಲಿ ನಿಂತ್ರೆ ಬಿಲ್ಲೆ ಹೊಡೆಯೋದು ಯಾವಾಗ? ನನಗೆ ಮತ ಇದೆ. ಮತಕ್ಕೆ ಹಾಕಿ.”

ರೋಲಂಡ್ ಕೂತ. ಮತ್ತೆ ಎದ್ದ. “ಸರಿ. ವ್ಯಾನು ಬರಲಿ ಅನ್ನೋರು ಕೈ ಎತ್ತಿ.”

ನಾನು ಎತ್ತಿದೆ. ಇಡೀ ಸಭೆಯಲ್ಲಿ ಇನ್ನೊಂದೇ ಒಂದು ಕೈ ಎದ್ದಿತು, ಗೋಡೆಯ ಹತ್ತಿರ. ಟ್ರೆವರ್‌ದು. ಒಂದು ಕೈಯಲ್ಲಿ ಸೊಂಟ ಹಿಡಿದುಕೊಂಡು ಇನ್ನೊಂದನ್ನು ಎಷ್ಟು ಮೇಲೆ ಹೋಗುತ್ತದೋ ಅಷ್ಟು ಮೇಲೆ ಎತ್ತಿದ್ದ.

ನನಗೆ ನಾಚಿಕೆಯಾಯಿತು. ನಿಯಮ ಎಂದರೆ ಎಲ್ಲರಿಗೂ ನಿಯಮ.

“ಕೈ ಇಳಿಸು ಟ್ರೆವರ್,” ಎಂದೆ. “ನಿಂಗೆ ಮತ ಇಲ್ಲ. ನೀನು ಚಹಾದವನು.”

ಕೂತಿದ್ದವರೆಲ್ಲ ನನ್ನ ಕಡೆ ತಿರುಗಿದರು. ರೋಲಂಡ್ ನನ್ನನ್ನೇ ನೋಡುತ್ತ, ಸ್ವಚ್ಛವಾಗಿದ್ದ ಕನ್ನಡಕವನ್ನು ಮತ್ತೆ ತೆಗೆದು ಒರೆಸತೊಡಗಿದ. ಇವರಿಗೆಲ್ಲ ಏನಾಯಿತೋ ನನಗೆ ಗೊತ್ತಾಗಲಿಲ್ಲ. ಟ್ರೆವರ್ ಕೈ ಇಳಿಸಿದ. ವ್ಯಾನಿನ ಪರ ಒಂದು, ವಿರುದ್ಧ ಮೂವತ್ತೊಂದು. ಶೆಡ್ಡು ಉಳಿಯಿತು.

ಮೂವತ್ತೊಂದು ಜನಕ್ಕೆ ತಮ್ಮ ಹೊಟ್ಟೆಯದೇ ಚಿಂತೆ. ನಾಳೆ ಬೆಳಗ್ಗೆ ಗಾಳಿ ಇರುವುದಿಲ್ಲವಂತೆ.

ಅಕ್ಟೋಬರ್ 14, ಸೋಮವಾರ

ನಿನ್ನೆ ಹತ್ತೊಂಬತ್ತು. ಇಷ್ಟು ಒಳ್ಳೆಯ ಅಂಕ ಬಂದರೂ ಮನೆಯಲ್ಲಿ ಹೇಳಿಕೊಳ್ಳಲು ಯಾರೂ ಇಲ್ಲ. ಟ್ರೆವರ್ ಶನಿವಾರದಿಂದ ನನ್ನ ಜೊತೆ ಮಾತಾಡಿಲ್ಲ. ಬೆಳಗ್ಗೆ ಎದ್ದು ನೋಡಿದರೆ ಊಟದ ಮೇಜು ಬರಿದಾಗಿತ್ತು. ಚಿತ್ರದ ಚೂರುಗಳೆಲ್ಲ ಡಬ್ಬಿಗೆ ಹೋಗಿವೆ, ಆಕಾಶ ಇನ್ನೂ ಅರ್ಧ ಬಾಕಿ ಇತ್ತು. ಅಂಗಿ ಇಸ್ತ್ರಿ ಮಾಡಿ ಹಾಕಿಕೊಂಡು ಬಾಗಿಲ ಹತ್ತಿರ ನಿಂತಿದ್ದ.

“ಎಲ್ಲಿಗೆ?” ಎಂದೆ.

“ವಾಲ್ಟರ್ ಮನೆಗೆ,” ಎಂದ. “ಹಳೇ ಕೋವಿ ಹೇಗೆ ನೋಡ್ಬೇಕು ಅಂತ ತಿಳ್ಕೊಂಡು ಬರ್ತೀನಿ.”

ಹೋದ. ಸೊಂಟ ಹಿಡಿದಿದೆ ಎನ್ನುತ್ತಿದ್ದವನು ನೆಟ್ಟಗೆ ನಡೆದೇ ಹೋದ. ಅರವತ್ತಾರನೇ ವಯಸ್ಸಿನಲ್ಲಿ ಈ ಮನುಷ್ಯನಿಗೆ ಕೋವಿ ಯಾಕೆ ಬೇಕು, ಯಾರ ಮೇಲೆ ಈ ಹಠ ಎಂದು ನನಗಂತೂ ಅರ್ಥವಾಗುತ್ತಿಲ್ಲ.